ನನ್ನ ಇಂಜೆಕ್ಷನ್ನಿಗೆ ದುಡ್ಡು ಕೊಡಿ ಅಂದವರು ಯಾರು?

ನಮ್ಮ ಮನೆ ಫ್ರಿಜ್‌ನಲ್ಲಿ ದೋಸೆ ಹಿಟ್ಟಿನ ಡಬ್ಬದ ಪಕ್ಕದಲ್ಲೇ ನನ್ನ ಇಂಜೆಕ್ಷನ್ ಬಾಕ್ಸ್ ಇರುತ್ತದೆ. ಒಂದು ಬಾಕ್ಸಿಗೆ ಎರಡು ಪೆನ್, ಅಂದರೆ ಪೆನ್ನಿನ ಆಕಾರದ ಸಿರಿಂಜ್. ಹದಿನೈದು ದಿನಕ್ಕೊಮ್ಮೆ ಒಂದನ್ನು ತೆಗೆದು, ತಣ್ಣಗಿದ್ದದ್ದು ಸ್ವಲ್ಪ ಬಿಡಲಿ ಅಂತ ಹೊರಗಿಟ್ಟು, ಆಮೇಲೆ ತೊಡೆಗೆ ಚುಚ್ಚಿಕೊಳ್ಳುತ್ತೇನೆ. ಔಷಧಿ ಹೆಸರು ಅಡಾಲಿಮುಮ್ಯಾಬ್. ಕಾಯಿಲೆ ರುಮಟಾಯ್ಡ್ ಆರ್ಥ್ರೈಟಿಸ್, ಕೀಲುಗಳು ಊದಿಕೊಂಡು ನೋಯುವ ಕಾಯಿಲೆ.

ಆ ಬಾಕ್ಸಿನ ಮೇಲೆ ಫಾರ್ಮಸಿಯವರು ಅಂಟಿಸುವ ಲೇಬಲ್ ಇದೆಯಲ್ಲ, ಅದರ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ 'ಫುಲ್ ಕಾಸ್ಟ್' ಅಂತ ಒಂದು ಅಂಕಿ ಇರುತ್ತದೆ. ಅದು ನೂರಾರು ಡಾಲರ್. ನಾನು ಕೌಂಟರಿನಲ್ಲಿ ಕೊಡುವುದು 25 ಡಾಲರ್. ಈ ವರ್ಷ, ಅಂದರೆ 2026ರ ಜನವರಿಯಿಂದ 25 ಆಯಿತು, ಹೋದ ವರ್ಷ 31.60 ಇತ್ತು. ಪೆನ್ಷನ್ ಕಾರ್ಡ್ ಇರುವವರಿಗಾದರೆ 7.70 ಮಾತ್ರ. ಉಳಿದದ್ದನ್ನು ಸರ್ಕಾರ ತುಂಬುತ್ತದೆ. ಇಲ್ಲಿ ಆಸ್ಟ್ರೇಲಿಯಾದಲ್ಲಿ ಈ ಸರ್ಕಾರಿ ಯೋಜನೆಗೆ ಪಿಬಿಎಸ್ ಅಂತಾರೆ.

ಊರಿಗೆ ಫೋನ್ ಮಾಡಿದಾಗ ನಮ್ಮಣ್ಣ ಕೇಳಿದ, "ಹಂಗಾದ್ರೆ ಅಲ್ಲಿ ಯಾವ ಔಷಧಿ ಬರೆದುಕೊಟ್ರೂ ಸರ್ಕಾರನೇ ಕೊಡುತ್ತಾ?" ಇಲ್ಲ. ಲಿಸ್ಟಿನಲ್ಲಿ ಇರಬೇಕು. ಲಿಸ್ಟಿಗೆ ಸೇರಬೇಕಾದರೆ ಪಿಬಿಎಸಿ ಅನ್ನುವ ಒಂದು ಸಲಹಾ ಕಮಿಟಿ ಹೂಂ ಅನ್ನಬೇಕು. ಹೆಸರಿಗೆ ಸಲಹಾ ಕಮಿಟಿ, ಆದರೆ ಅದರ ಕೈಯಲ್ಲಿ ದೊಡ್ಡ ಬೀಗದಕೈ ಇದೆ. ಕಮಿಟಿ ಶಿಫಾರಸು ಮಾಡದ ಹೊಸ ಔಷಧಿಯನ್ನು ಆರೋಗ್ಯ ಮಂತ್ರಿ ತಾನೇ ಲಿಸ್ಟಿಗೆ ಸೇರಿಸುವ ಹಾಗಿಲ್ಲ, ಕಾನೂನೇ ಹಾಗಿದೆ. ಶಿಫಾರಸು ಬಂದ ಮೇಲೆ ಬೇಡ ಅನ್ನಬಹುದು, ರೇಟಿಗೆ ಚೌಕಾಸಿ ಮಾಡಬಹುದು, ಅಷ್ಟೆ. ಇದು ನನಗೆ ತುಂಬಾ ಇಷ್ಟವಾದ ವಿಷಯ. ಆದರೆ ಆ ಕಮಿಟಿಗೆ ಜನರನ್ನು ನೇಮಿಸುವವರು ಯಾರು ಹೇಳಿ? ಅದೇ ಮಂತ್ರಿ! ನಾನು ಇವತ್ತು ಬರೆಯೋಕೆ ಕೂತದ್ದು ಇದಕ್ಕೇ.

ಕಮಿಟಿ ಸಾಮಾನ್ಯವಾಗಿ ವರ್ಷಕ್ಕೆ ಮೂರು ಸಲ ಸೇರುತ್ತದೆ, ಮಾರ್ಚ್, ಜುಲೈ, ನವೆಂಬರ್. ಕಂಪನಿ ತನ್ನ ಔಷಧಿಯ ಕಾಗದಪತ್ರ ಎಲ್ಲಾ ಕೊಡುತ್ತದೆ. ಇವರು ನೋಡುವ ಲೆಕ್ಕ ಕೇಳೋಕೆ ಸರಳ. ಈಗಾಗಲೇ ಇರುವ ಔಷಧಿಗಿಂತ ಇದು ಎಷ್ಟು ಜಾಸ್ತಿ ಗುಣ ಮಾಡುತ್ತದೆ, ಅದಕ್ಕೆ ಕೇಳುತ್ತಿರುವ ಜಾಸ್ತಿ ದುಡ್ಡು ತಕ್ಕದ್ದಾ? ಈ ಲೆಕ್ಕವನ್ನು ಕಡ್ಡಾಯ ಮಾಡಿದ ಮೊದಲ ದೇಶ ಆಸ್ಟ್ರೇಲಿಯಾ, 1993ರಲ್ಲಿ. ಸಿಸ್ಟಿಕ್ ಫೈಬ್ರೋಸಿಸ್ ಅಂತ ಹುಟ್ಟಿನಿಂದಲೇ ಬರುವ, ಶ್ವಾಸಕೋಶ ಕೆಡಿಸುವ ಕಾಯಿಲೆ ಇರುವ ಮಕ್ಕಳಿಗೆ ಕೊಡುವ ಟ್ರೈಕಾಫ್ಟಾ ಅನ್ನುವ ಔಷಧಿ ಇಲ್ಲಿ ಲಿಸ್ಟಿಗೆ ಬಂದದ್ದು 2022ರ ಏಪ್ರಿಲ್‌ನಲ್ಲಿ. ಅಲ್ಲಿಯವರೆಗೆ ಒಂದು ಮಗುವಿಗೆ ವರ್ಷಕ್ಕೆ ಎರಡೂವರೆ ಲಕ್ಷ ಡಾಲರ್ ಮೇಲೆ. ಯಾವ ಅಪ್ಪ ಅಮ್ಮ ತರುತ್ತಾರೆ ಅಷ್ಟು ದುಡ್ಡು? ಅದು ಲಿಸ್ಟಿಗೆ ಬಂತು ಅಂತ ನ್ಯೂಸ್‌ನಲ್ಲಿ ನೋಡಿದ ದಿನ, ಯಾರೋ ಗೊತ್ತಿಲ್ಲದ ಮಕ್ಕಳಿಗಾಗಿ ನಾನು ಅತ್ತುಬಿಟ್ಟಿದ್ದೆ.

ಹೀಗಿರುವಾಗ ಆ ಕಮಿಟಿಯ ಕುರ್ಚಿಗಳ ಮೇಲೆ ಕಂಪನಿಗಳ ಕಣ್ಣು ಬೀಳದೇ ಇರುತ್ತದಾ? ವಯಾಗ್ರಾವನ್ನು ಲಿಸ್ಟಿಗೆ ಬೇಡ ಅಂದಿದ್ದಕ್ಕೆ ಫೈಜರ್ ಕಂಪನಿ ಕಮಿಟಿಯನ್ನೇ ಕೋರ್ಟಿಗೆ ಎಳೆಯಿತು. 2000ದಲ್ಲಿ ಫೆಡರಲ್ ಕೋರ್ಟ್ ಕಮಿಟಿ ಪರವಾಗಿ ತೀರ್ಪು ಕೊಟ್ಟಿತು. ಅದು ಆದ ಮೇಲೆ, ಆಗಿನ ಆರೋಗ್ಯ ಮಂತ್ರಿ ಮೈಕೆಲ್ ವುಲ್‌ಡ್ರಿಜ್ ಹಳೇ ಕಮಿಟಿಯನ್ನು ಬಿಟ್ಟು ಹೊಸದನ್ನು ಕಟ್ಟಿದರು. ಅದರಲ್ಲಿ ಪ್ಯಾಟ್ ಕ್ಲಿಯರ್ ಅವರನ್ನು ಕೂರಿಸಿದರು. ಅವರು ಹಿಂದೆ ಔಷಧಿ ತಯಾರಕರ ಸಂಘದ ಮುಖ್ಯಸ್ಥರಾಗಿದ್ದವರು. 2001ರ ಆರಂಭದಲ್ಲಿ ದೊಡ್ಡ ಗಲಾಟೆ ಆಯಿತು, ಹಳಬರಲ್ಲಿ ಕೆಲವರು ಆ ಕಮಿಟಿಯಲ್ಲಿ ಕೂರಲು ಒಪ್ಪಲಿಲ್ಲ. ಕಂಪನಿಗಳು ಹೇಗೆ ಕೆಲಸ ಮಾಡುತ್ತವೆ ಅಂತ ಗೊತ್ತಿರುವವರೂ ಒಬ್ಬರು ಇರಲಿ ಅನ್ನುವುದು ಸರ್ಕಾರದ ವಾದ. ಆ ತಿಳಿವಳಿಕೆ ಬೇಕು, ಒಪ್ಪುತ್ತೇನೆ. ಅದಕ್ಕೆ ಅವರನ್ನು ಕರೆದು ಕೇಳಿ, ಬೇಕಾದಷ್ಟು ಪ್ರಶ್ನೆ ಹಾಕಿ. ತೀರ್ಮಾನ ಮಾಡುವ ಕುರ್ಚಿ ಯಾಕೆ ಕೊಡಬೇಕು?

ಅದೇ ಹೊತ್ತಿಗೆ ನನ್ನಂಥ ಕೀಲು ನೋವಿನವರ ಮಾತ್ರೆ ಸೆಲೆಬ್ರೆಕ್ಸ್ ಲಿಸ್ಟಿಗೆ ಬಂದಿತ್ತು. ಅದರ ಖರ್ಚು ಅಂದಾಜು ಮಾಡಿದ್ದನ್ನು ಬಹಳ ದೂರ ದಾಟಿಹೋಯಿತು. ಒಂದು ಮಾತ್ರೆಗೆ ಹಾಗೆ ದುಡ್ಡು ಹರಿದು ಹೋದರೆ ಇನ್ನೊಬ್ಬರ ಔಷಧಿಗೆ ಕೈ ಬಿಗಿಯಾಗುತ್ತದೆ, ಅಲ್ವಾ. ಈ ಕಮಿಟಿಯಲ್ಲಿ ಲೆಕ್ಕ ಗೊತ್ತಿರುವವರು ಬೇಕು, ಯಾರಿಗೂ ಋಣ ಇಲ್ಲದವರು ಬೇಕು ಅಂತ ನಾನು ಹಟ ಮಾಡುವುದು ಇದಕ್ಕೇ.

ನಮ್ಮ ದೊಡ್ಡಮ್ಮನಿಗೂ ಇದೇ ಕಾಯಿಲೆ ಇತ್ತು. ಹಾಸನದ ಹತ್ತಿರದ ಹಳ್ಳಿ. ಬೆರಳುಗಳು ಸೊಟ್ಟಗಾಗಿ ಕೊನೆಕೊನೆಗೆ ಅಕ್ಕಿರೊಟ್ಟಿ ತಟ್ಟೋಕೆ ಆಗುತ್ತಿರಲಿಲ್ಲ, ನಲ್ಲಿಯನ್ನು ಎರಡೂ ಅಂಗೈ ಒತ್ತಿ ತಿರುಗಿಸುತ್ತಿದ್ದರು. ಮೆಡಿಕಲ್ ಶಾಪಿನಿಂದ ತಂದ ಮಾತ್ರೆಯನ್ನು ಅರ್ಧ ಮಾಡಿ ನುಂಗುತ್ತಿದ್ದರು, ಸ್ಟ್ರಿಪ್ ಇನ್ನೊಂದು ವಾರ ಬರಲಿ ಅಂತ. ನನ್ನ ಬೆರಳು ಇವತ್ತಿಗೂ ನೆಟ್ಟಗಿವೆ, ಇದನ್ನು ಟೈಪ್ ಮಾಡುತ್ತಿವೆ. ನನಗೂ ಅವರಿಗೂ ನಡುವೆ ಇರುವುದು ಆ ಲಿಸ್ಟ್.

ಕಮಿಟಿ ಒಂದು ಔಷಧಿಗೆ ಬೇಡ ಅಂದಾಗ ಎಲ್ಲೋ ಒಬ್ಬರ ಮನೆಯಲ್ಲಿ ಕತ್ತಲಾಗುತ್ತದೆ. ನಾಳೆ ನನ್ನ ಇಂಜೆಕ್ಷನ್ ಕೆಲಸ ಮಾಡುವುದು ನಿಂತು, ಮುಂದಿನದಕ್ಕೆ ಇಲ್ಲ ಅಂದರೆ? ಬೇಜಾರಾಗುತ್ತದೆ, ಕೋಪ ಬರುತ್ತದೆ. ಆದರೂ ನುಂಗಿಕೊಳ್ಳಬಲ್ಲೆ, ಹೇಳಿದವರು ಕಂಪನಿಗೂ ಮಂತ್ರಿಗೂ ಹೆದರದೆ ಲೆಕ್ಕ ನೋಡಿ ಹೇಳಿದರು ಅಂತ ನಂಬಿಕೆ ಇದ್ದರೆ.

ಹಾಗಾಗಿ ನನ್ನ ಬೇಡಿಕೆ ಇಷ್ಟು. ನೇಮಕಕ್ಕೆ ಮುಂಚೆ ಹೆಸರುಗಳನ್ನು ಜನರ ಮುಂದಿಡಿ, ಹಿಂದಿನ ವರ್ಷಗಳಲ್ಲಿ ಯಾವ ಕಂಪನಿಯಿಂದ ಎಷ್ಟು ತಗೊಂಡಿದ್ದಾರೆ ಅನ್ನುವುದನ್ನೂ ಸೇರಿಸಿ. ಒಂದು ತಿಂಗಳು ಟೈಮ್ ಕೊಡಿ, ಜನ ಹೇಳುವುದನ್ನು ಕೇಳಿ. ರೋಗಿಗಳ ಕಡೆಯ ಕುರ್ಚಿ ಜಾಸ್ತಿ ಮಾಡಿ, ಅದರಲ್ಲಿ ಒಬ್ಬರಾದರೂ ದಿನಾ ಔಷಧಿ ಮೇಲೇ ಬದುಕುವವರಾಗಿರಲಿ. 2025ರಲ್ಲಿ ಅಮೆರಿಕದ ಔಷಧಿ ಕಂಪನಿಗಳು ಪಿಬಿಎಸ್ ಬಗ್ಗೆ ತಮ್ಮ ಸರ್ಕಾರಕ್ಕೆ ದೂರು ಕೊಟ್ಟವು. ಹೊರಗಿನ ಒತ್ತಡ ಇಷ್ಟಿರುವಾಗ ಒಳಗಿನ ಬಾಗಿಲನ್ನು ಸುಮ್ನೆ ಚಿಲಕ ಹಾಕದೆ ಬಿಡುವುದು ಸರಿಯಲ್ಲ.

ಇಲ್ಲಿರುವ ಕನ್ನಡದವರಿಗೆ ಒಂದು ಮಾತು. ಪ್ರತಿ ಸಭೆಗೆ ಮುಂಚೆ ಯಾವ ಔಷಧಿ ಚರ್ಚೆಗೆ ಬರುತ್ತದೆ ಅಂತ ಪಟ್ಟಿ ಹಾಕುತ್ತಾರೆ, ಯಾರು ಬೇಕಾದರೂ ಆನ್‌ಲೈನ್‌ನಲ್ಲಿ ಅಭಿಪ್ರಾಯ ಬರೆಯಬಹುದು. ನಿಮ್ಮ ಅತ್ತೆ ಮಾವ, ಅಪ್ಪ ಅಮ್ಮ ಇಲ್ಲೇ ನೆಲೆಸಿ ಪಿಬಿಎಸ್‌ನಲ್ಲಿ ಔಷಧಿ ತಗೊಳ್ಳುತ್ತಿದ್ದು ಇಂಗ್ಲಿಷ್ ಫಾರಂ ಕಷ್ಟ ಅಂದರೆ ನನಗೆ ಮೆಸೇಜ್ ಮಾಡಿ. ಅವರು ಕನ್ನಡದಲ್ಲಿ ಹೇಳಲಿ, ನಾನು ಕೂತು ಬರೆದುಕೊಡುತ್ತೇನೆ. ಶನಿವಾರ ಮಧ್ಯಾಹ್ನ ಪೂರ್ತಿ ಬಿಡುವಾಗಿರುತ್ತೇನೆ.