ಟ್ರಂಕಿನ ಮೇಲಿನ ಹೆಸರು

ಜುಲೈ 26ಕ್ಕೆ ಊರಿಗೆ ಹೋಗಿದ್ದೆ. ಮಂಡ್ಯದಿಂದ ಮುಕ್ಕಾಲು ಗಂಟೆ ದಾರಿ. ಕಾರ್ಗಿಲ್ ವಿಜಯ ದಿವಸ ಅಂತ ಹುಡುಗರು ಶಾಲೆ ಮೈದಾನದಲ್ಲಿ ಕಾರ್ಯಕ್ರಮ ಇಟ್ಟುಕೊಂಡಿದ್ದರು. "ಅಣ್ಣ, ನಿರೂಪಣೆ ನೀವೇ ಮಾಡ್ಬೇಕು" ಅಂದರು. ಮೈಸೂರಿನಲ್ಲಿ ಮೇಷ್ಟ್ರಾಗಿರುವವನಿಗೆ ಊರಿನಲ್ಲಿ ಮೈಕು ತಪ್ಪಿದ್ದಲ್ಲ. ಒಪ್ಪಿಕೊಂಡೆ.

ಶಾಮಿಯಾನ ಹಾಕಿದ್ದರು. ಉಪ್ಪಿಟ್ಟು, ಕೇಸರಿಬಾತು ಬಿಸಿಯಾಗಿತ್ತು. ಹಿಂದೆ ದೊಡ್ಡ ಫ್ಲೆಕ್ಸು. ಮೇಲಿನ ಸಾಲಿನಲ್ಲಿ ಮುಖಂಡರು ಕೈ ಮುಗಿದು ನಿಂತಿದ್ದರು, ಕೆಳಗಿನ ಸಾಲಿನಲ್ಲಿ ಮುಂದೆ ಮುಖಂಡರಾಗುವವರು. ಕಾರ್ಯಕ್ರಮ ಶುರುವಾಗೋದು ತಡ ಇತ್ತು, ಸುಮ್ನೆ ಕೂತು ಎಣಿಸಿದೆ. ಇಪ್ಪತ್ತೆರಡು ಮುಖ ಇದ್ದವು. ನಡುವೆ ಬೆಟ್ಟದ ಮೇಲೆ ಬಾವುಟ ನೆಡುವ ಸೈನಿಕರ ಚಿತ್ರ. ಅವರ ಬೆನ್ನು ಮಾತ್ರ ಕಾಣುತ್ತಿತ್ತು.

ಫ್ಲೆಕ್ಸಿನವರನ್ನು ಬೈಯೋಕೆ ಇದನ್ನು ಬರೆಯುತ್ತಿಲ್ಲ. ಅವತ್ತು ಅದಕ್ಕಿಂತ ದೊಡ್ಡ ತಪ್ಪು ಮಾಡಿದವನು ನಾನು.

ಕಾರ್ಯಕ್ರಮದ ಚೀಟಿಯಲ್ಲಿ ಐದನೆಯದು, "ವೀರಯೋಧರ ಕುಟುಂಬಕ್ಕೆ ಸನ್ಮಾನ". ನಮ್ಮೂರಿನಲ್ಲಿ ಅಂಥದ್ದು ಒಂದೇ ಕುಟುಂಬ. 1971ರ ಯುದ್ಧದಲ್ಲಿ ತೀರಿಕೊಂಡವರೊಬ್ಬರ ಹೆಂಡತಿ. ಊರಿಗೆಲ್ಲ ಅವರು 'ಮಿಲ್ಟ್ರಿ ಅಜ್ಜಿ'. ಈಗ ಎಪ್ಪತ್ತೈದರ ಹತ್ತಿರ ಇರಬಹುದು. ಮುಂದಿನ ಸಾಲಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ತುದಿಗೆ ಕೂತಿದ್ದರು, ಯಾವಾಗ ಎದ್ದು ಹೋಗಲಿ ಅನ್ನೋ ಹಾಗೆ. ನನ್ನ ಚೀಟಿಯಲ್ಲಿ "ಹುತಾತ್ಮ ಯೋಧ" ಅಂತ ಬರೆದು ಆಮೇಲೆ ಜಾಗ ಖಾಲಿ ಬಿಟ್ಟಿದ್ದರು. ಹುಡುಗರು ನನಗೆ ಗೊತ್ತಿರುತ್ತೆ ಅಂದುಕೊಂಡಿದ್ದರು. ನಾನು ಹುಡುಗರು ಹೇಳುತ್ತಾರೆ ಅಂದುಕೊಂಡಿದ್ದೆ.

ಅಜ್ಜಿಯನ್ನು ವೇದಿಕೆಗೆ ಕರೆದಾಯಿತು. ಬಗ್ಗಿ ಮೆಲ್ಲಗೆ ಕೇಳಿದೆ, "ಅಜ್ಜಿ, ತಾತನ ಹೆಸರೇನು?" ಮೈಕು ಆನ್ ಇತ್ತು. ಇಡೀ ಮೈದಾನಕ್ಕೆ ಕೇಳಿಸಿತು. ಅಜ್ಜಿ ನನ್ನ ಮುಖ ನೋಡಿದರು. "ಅಯ್ಯೋ, ನಾನೆಂಗಪ್ಪ ಏಳ್ಲಿ? ಮನೇಲಿ ಟ್ರಂಕಿನ್ ಮ್ಯಾಲೆ ಬರ್ದೈತೆ, ಓಗಿ ನೋಡ್ಕ."

ಜನ ನಕ್ಕರು. ನನಗೆ ಆಗ ಹೊಳೆಯಿತು. ಆ ಕಾಲದ ಹೆಂಗಸರು ಗಂಡನ ಹೆಸರು ಬಾಯಲ್ಲಿ ಹೇಳೋದಿಲ್ಲ. ನಮ್ಮಜ್ಜಿಯೂ ಹೇಳುತ್ತಿರಲಿಲ್ಲ. ಅವರು ಹೇಳುವಂತಿಲ್ಲ, ಹೇಳಬೇಕಾದ ನಮಗೆ ಗೊತ್ತಿಲ್ಲ. "ನಮ್ಮೂರಿನ ಹೆಮ್ಮೆಯ ಯೋಧ" ಅಂತ ಏನೋ ಹೇಳಿ ತೇಲಿಸಿಬಿಟ್ಟೆ. ಶಾಲು, ಹಾರ, ಹಣ್ಣಿನ ಬುಟ್ಟಿ, ಫೋಟೋ. "ಭಾರತ್ ಮಾತಾ ಕೀ ಜೈ" ಜೋರಾಗಿಯೇ ಬಂತು. ಯಾರ ನೆನಪಿಗೆ ಅಷ್ಟೆಲ್ಲ ಸೇರಿದ್ದೆವೋ ಆ ಮನುಷ್ಯನ ಹೆಸರು ಎರಡು ಗಂಟೆಯಲ್ಲಿ ಒಂದು ಸಲವೂ ಮೈಕಿನಲ್ಲಿ ಬರಲಿಲ್ಲ.

ಸಂಜೆ ಅವರ ಮನೆಗೆ ಹೋದೆ. ಟ್ರಂಕು ನಡುಮನೆಯ ಮೂಲೆಯಲ್ಲಿತ್ತು, ಮೇಲೆ ಹಾಸಿಗೆ ಸುತ್ತಿಟ್ಟಿದ್ದರು. ಮೊಮ್ಮಗ ಹಾಸಿಗೆ ಇಳಿಸಿದ. ಕಪ್ಪು ಬಣ್ಣದ ಮಿಲಿಟರಿ ಟ್ರಂಕು. ಮುಚ್ಚಳದ ಮೇಲೆ ಬಿಳಿ ಪೇಂಟಿನಲ್ಲಿ ನಂಬರು, ಸ್ಯಾಪರ್ ಅನ್ನೋ ಹುದ್ದೆ, ಹೆಸರು, ಎಂಇಜಿ. ಎಲ್ಲ ಇಂಗ್ಲಿಷಿನಲ್ಲಿ. ಅಜ್ಜಿಗೆ ಕನ್ನಡವೇ ಓದೋಕೆ ಬರೋದಿಲ್ಲ.

ಎಂಇಜಿ ಅಂದರೆ ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್. ಸೈನ್ಯ ಮುಂದೆ ಹೋಗಲು ದಾರಿ ಮಾಡಿಕೊಡುವವರು. ಸೇತುವೆ ಕಟ್ಟೋದು, ನೆಲದಲ್ಲಿ ಹೂತಿಟ್ಟ ಮೈನುಗಳನ್ನು ತೆಗೆಯೋದು ಇವರ ಕೆಲಸ. ತಾತ ತೀರಿಕೊಂಡಿದ್ದು ಪಶ್ಚಿಮದ ಗಡಿಯಲ್ಲಿ ಮೈನು ತೆಗೆಯುವಾಗ. ಡಿಸೆಂಬರಿನಲ್ಲಿ ತಂತಿ ಬಂತು. ಓದಿ ಹೇಳೋಕೆ ಪಕ್ಕದೂರಿನ ಮೇಷ್ಟ್ರನ್ನು ಕರೆದುಕೊಂಡು ಬಂದರಂತೆ. ಹೆಣ ಬರಲಿಲ್ಲ. ಆಗೆಲ್ಲ ಗಡಿಯ ಹತ್ತಿರವೇ ಸಂಸ್ಕಾರ ಮಾಡಿಬಿಡುತ್ತಿದ್ದರು. ಊರಿಗೆ ಶವಪೆಟ್ಟಿಗೆ ತರುವ ರೂಢಿ ಬಂದಿದ್ದು 1999ರ ಕಾರ್ಗಿಲ್ ಯುದ್ಧದಿಂದ ಈಚೆಗೆ. ಮಣ್ಣು ಮಾಡೋಕೆ ಏನೂ ಇಲ್ಲದೆ ತಿಥಿಯೊಂದೇ ಆಯಿತು. ಎರಡು ತಿಂಗಳಾದ ಮೇಲೆ ಈ ಟ್ರಂಕು ಬಂತು. "ಅವರ ಬದ್ಲು ಇದು ಬಂತು ಕಣಪ್ಪ" ಅಂದರು ಅಜ್ಜಿ. ಹಾಗೆ ಹೇಳಿ ಕಾಫಿ ಇಡೋಕೆ ಎದ್ದರು.

1962, 1965, 1971ರಲ್ಲಿ ಹೋದವರಿಗೆ ಮೆರವಣಿಗೆ ಇರಲಿಲ್ಲ ಅನ್ನೋದು ನನ್ನ ತಲೆಗೆ ಅವತ್ತಿನವರೆಗೂ ಹೋಗಿರಲಿಲ್ಲ. ನಮ್ಮ ಕಣ್ಣ ಮುಂದಿರುವುದು 2019ರ ಫೆಬ್ರವರಿ. ಪುಲ್ವಾಮಾದಲ್ಲಿ ಸಿಆರ್‌ಪಿಎಫ್‌ನ 40 ಜನ ಹೋದರಲ್ಲ, ಅವರಲ್ಲಿ ನಮ್ಮ ಮದ್ದೂರು ತಾಲ್ಲೂಕಿನ ಗುಡಿಗೆರೆಯ ಎಚ್. ಗುರು ಒಬ್ಬರು. ಅವತ್ತು ರಸ್ತೆ ತುಂಬ ಜನ. ಮಂಡ್ಯ ಜಿಲ್ಲೆಯ ಯಾರನ್ನು ಕೇಳಿದರೂ ಆ ಹೆಸರು ಹೇಳುತ್ತಾರೆ, ಹೇಳಬೇಕಾದ್ದೇ. ಅದಕ್ಕೆ ನಲವತ್ತೆಂಟು ವರ್ಷ ಮುಂಚೆ ಹೋದವರ ಹೆಸರು ಅವರದೇ ಊರಿನ ಮೇಷ್ಟ್ರಿಗೆ ಗೊತ್ತಿಲ್ಲ.

ನಮ್ಮ ದೇಶದಲ್ಲಿ ಮಡಿದ ಸೈನಿಕರಿಗೇ ಅಂತ ಒಂದು ರಾಷ್ಟ್ರೀಯ ರಜೆ ಇಲ್ಲ. ದಿನಗಳು ಬೇಕಾದಷ್ಟಿವೆ. ಜನವರಿ 30ಕ್ಕೆ ಬೆಳಿಗ್ಗೆ 11ಕ್ಕೆ ಎರಡು ನಿಮಿಷ ಮೌನ. ಜುಲೈ 26 ಕಾರ್ಗಿಲ್. ಅಕ್ಟೋಬರ್ 21 ಪೊಲೀಸ್ ಸಂಸ್ಮರಣಾ ದಿನ, 1959ರಲ್ಲಿ ಲಡಾಖಿನ ಹಾಟ್ ಸ್ಪ್ರಿಂಗ್ಸ್‌ನಲ್ಲಿ ಚೀನೀಯರ ಗುಂಡಿಗೆ ಸಿಕ್ಕ ಹತ್ತು ಜನರ ನೆನಪಿಗೆ. ಡಿಸೆಂಬರ್ 7 ಧ್ವಜ ದಿನ, ಡಿಸೆಂಬರ್ 16 ವಿಜಯ ದಿವಸ. ಒಂದು ದಿನ ಗೊತ್ತು ಮಾಡಿ ರಜೆ ಕೊಡಬೇಕು ಅಂತ ನನ್ನ ಸ್ನೇಹಿತರು ಕೆಲವರು ವಾದ ಮಾಡುತ್ತಾರೆ. ನನಗೆ ಅದರಲ್ಲಿ ಅಂಥ ಆಸೆ ಇಲ್ಲ. ರಜೆ ಕೊಟ್ಟರೆ ಕೆಆರ್‌ಎಸ್‌ನಲ್ಲಿ ಜನ ಜಾಸ್ತಿ ಆಗುತ್ತಾರೆ ಅಷ್ಟೆ. ನಾನೂ ಮಕ್ಕಳನ್ನು ಕರೆದುಕೊಂಡು ಹೋಗುವವನೇ.

ನೆನಪಿಟ್ಟುಕೊಳ್ಳುವ ವಿಷಯದಲ್ಲಿ ನಮ್ಮ ಸೀಮೆಯ ಹಳಬರು ನಮಗಿಂತ ಚೊಕ್ಕವಾಗಿದ್ದರು. ವೀರಗಲ್ಲು ನೋಡಿದ್ದೀರಲ್ವಾ? ಊರಿನವರ ಬಾಯಲ್ಲಿ ಈರಗಲ್ಲು. ಕೆಳಗಿನ ಪಟ್ಟಿಯಲ್ಲಿ ಹೊಡೆದಾಟ, ನಡುವೆ ಅಪ್ಸರೆಯರು ವೀರನನ್ನು ಎತ್ತಿಕೊಂಡು ಹೋಗುವುದು, ಮೇಲೆ ಶಿವಲಿಂಗದ ಮುಂದೆ ಅವನು ಕೂತಿರುವುದು, ತುದಿಯಲ್ಲಿ ಸೂರ್ಯ ಚಂದ್ರ. ನಮ್ಮೂರ ಕೆರೆ ಏರಿಯ ಹತ್ತಿರವೂ ಒಂದಿದೆ. ನಾವು ಚಿಕ್ಕವರಿದ್ದಾಗ ಅದರ ಮೇಲೆ ಕುಡುಗೋಲು ಮಸೆಯುತ್ತಿದ್ದೆವು. ಅಪ್ಸರೆಯರ ಮುಖ ಹಾಗೇ ಸವೆದು ಹೋಗಿದೆ. ಆ ಸವೆತದಲ್ಲಿ ನನ್ನ ಪಾಲೂ ಇದೆ.

ಬರಹ ಇರುವ ವೀರಗಲ್ಲುಗಳಲ್ಲಿ ಒಣ ಹೊಗಳಿಕೆ ಕಡಿಮೆ, ವಿವರ ಜಾಸ್ತಿ. ಇಂಥ ದೊರೆ ಆಳುತ್ತಿದ್ದಾಗ, ಇಂಥ ಊರಿನ ಇಂಥವನ ಮಗ, ದನ ಹೊಡೆದುಕೊಂಡು ಹೋಗುವವರನ್ನು ತಡೆದು, ದನ ಬಿಡಿಸಿ, ಸತ್ತ. ಮುಗಿಯಿತು. ತುರುಗಾಳಗದಲ್ಲಿ ಸತ್ತವರ ಇಂಥ ಕಲ್ಲು ಕನ್ನಡ ನಾಡಿನ ತುಂಬ ಇವೆ. ಅವರಲ್ಲಿ ಹೆಚ್ಚಿನವರು ದೊಡ್ಡ ಸೇನಾಪತಿಗಳೇನಲ್ಲ, ಊರಿನ ಜನ. ಸತ್ತವನ ಮನೆಯವರಿಗೆ ಹೊಲವೋ ಗದ್ದೆಯೋ ಬಿಡುತ್ತಿದ್ದರು. ಅದಕ್ಕೆ ನೆತ್ತರುಗೊಡಗೆ ಅಂತ ಹೆಸರು. ಎಂಥ ಮಾತು ನೋಡಿ. ನೆತ್ತರಿಗೆ ಕೊಟ್ಟ ಕೊಡುಗೆ. ನಾವು ಈಗ ಪರಿಹಾರ ಅನ್ನುತ್ತೇವೆ, ಬೆಳೆ ಹಾಳಾದರೂ ಅದೇ ಪದ.

ನಮ್ಮ ಮದ್ದೂರು ತಾಲ್ಲೂಕಿನ ಆತಕೂರಿನದು ಇನ್ನೂ ವಿಶೇಷ. ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಹತ್ತನೆಯ ಶತಮಾನದ್ದು. ತಕ್ಕೋಲದಲ್ಲಿ ಚೋಳರ ಮೇಲೆ ರಾಷ್ಟ್ರಕೂಟರ ಮೂರನೇ ಕೃಷ್ಣ ಮತ್ತು ಗಂಗರ ಬೂತುಗ ಯುದ್ಧ ಗೆದ್ದರು. ಅಲ್ಲಿ ಚೆನ್ನಾಗಿ ಕಾದಿದ ಮಣಲೇರ ಅನ್ನುವವನಿಗೆ ಬೂತುಗ ಏನು ಬೇಕು ಕೇಳು ಅಂದ. ಅವನು ಕೇಳಿದ್ದು ಕಾಳಿ ಅನ್ನೋ ನಾಯಿಯನ್ನು. ಆಮೇಲೆ ಆ ಕಾಳಿ ಹಂದಿ ಬೇಟೆಯಲ್ಲಿ ದೊಡ್ಡ ಹಂದಿಯೊಂದಿಗೆ ಕಾದಾಡಿ, ಎರಡೂ ಸತ್ತವು. ಕಾಳಿಗೆ ಕಲ್ಲು ನಿಲ್ಲಿಸಿದರು. ನಾಯಿಗೂ ಹೆಸರು ಹಾಕಿದರು ನೋಡಿ.

ನನಗೆ ಅದಕ್ಕಿಂತ ಹಿಡಿಸಿದ್ದು ಅದರ ಕೊನೆಯ ಷರತ್ತು. ಕಲ್ಲಿನ ಪೂಜೆಗೆ ಅಂತ ಭೂಮಿ ಬಿಟ್ಟರು. ಆ ಭೂಮಿ ನೋಡಿಕೊಳ್ಳುವ ಗೊರವ, ಅಂದರೆ ಶೈವ ಪೂಜಾರಿ, ಕಲ್ಲಿಗೆ ಪೂಜೆ ಮಾಡದೆ ಊಟ ಮಾಡಿದರೆ ಅವನಿಗೆ ಪಾಪ ತಟ್ಟುತ್ತೆ ಅಂತ ಬರೆಸಿದರು. ಭಕ್ತಿ ಇರಬೇಕು, ಕಣ್ಣೀರು ಬರಬೇಕು ಅಂತೆಲ್ಲ ಬರೆಸಲಿಲ್ಲ. ಉಣ್ಣುವ ಮುಂಚೆ ಕಲ್ಲಿನ ಹತ್ತಿರ ಹೋಗಿ ಬಾ ಅಂದರು. ಅವನಿಗೆ ಮನಸ್ಸಿದ್ದರೂ ಇಲ್ಲದಿದ್ದರೂ ಕೆಲಸ ಕೆಲಸವೇ. ಮನಸ್ಸನ್ನು ನಂಬಿಕೊಂಡು ಕೂತಿದ್ದರೆ ಎರಡು ತಲೆಮಾರಿಗೆ ಮರೆತುಹೋಗುತ್ತೆ ಅಂತ ಅವರಿಗೆ ಗೊತ್ತಿತ್ತು ಅನ್ನಿಸುತ್ತೆ. ನಮ್ಮ ಜುಲೈ 26ರಲ್ಲಿ ಮನಸ್ಸು ಬೇಕಾದಷ್ಟಿತ್ತು. ಹೋಗಿ ಹೆಸರು ಕೇಳಿಕೊಂಡು ಬಾ ಅಂತ ಯಾರಿಗೂ ಕೆಲಸ ಹಚ್ಚಿರಲಿಲ್ಲ.

ಯಾರಿಗೆ ಕಲ್ಲು ಸಿಗುತ್ತೆ ಅನ್ನೋದೂ ವಿಚಿತ್ರ. ಶ್ರೀರಂಗಪಟ್ಟಣದ ಕೋಟೆಯಲ್ಲಿ, ಇಂಗ್ಲಿಷರು ಗೋಡೆ ಒಡೆದು ನುಗ್ಗಿದ ಜಾಗದ ಹತ್ತಿರ ಒಂದು ಎತ್ತರದ ಕಂಬ ಇದೆ. 1799ರ ಮುತ್ತಿಗೆಯಲ್ಲಿ ಸತ್ತ ಇಂಗ್ಲಿಷ್ ಅಧಿಕಾರಿಗಳ ಹೆಸರು ಅದರಲ್ಲಿವೆ. ನಿಲ್ಲಿಸಿದ್ದು ನಮ್ಮ ಮೈಸೂರು ಸರ್ಕಾರವೇ, 1907ರಲ್ಲಿ. ಟಿಪ್ಪು ಬಿದ್ದ ಜಾಗಕ್ಕೂ ಒಂದು ಕಲ್ಲಿದೆ. ಅವತ್ತು ಗೋಡೆಯ ಒಳಗಿದ್ದು ಸತ್ತ ಸಾಮಾನ್ಯ ಸಿಪಾಯಿಗಳಿಗೆ? ಅದರಲ್ಲಿ ನಮ್ಮ ಸುತ್ತಲಿನ ಹಳ್ಳಿಯವರು ಎಷ್ಟು ಜನವೋ. ಪ್ರತಿ ವರ್ಷ ಮಕ್ಕಳನ್ನು ಪ್ರವಾಸಕ್ಕೆ ಕರೆದುಕೊಂಡು ಹೋಗಿ ಆ ಕಂಬ ತೋರಿಸುತ್ತೇನೆ. ಈ ಪ್ರಶ್ನೆ ಇದುವರೆಗೆ ಯಾವ ಮಗುವೂ ಕೇಳಿಲ್ಲ, ನಾನೂ ಎತ್ತಿಲ್ಲ.

ಮೈಸೂರು ಮಹಾರಾಜರ ಕುದುರೆ ಪಡೆ, ಮೈಸೂರು ಲ್ಯಾನ್ಸರ್ಸ್ ಕಥೆಯೂ ಹಾಗೇ. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷರ ಪರ ಕಾದಿದವರು. 1918ರ ಸೆಪ್ಟೆಂಬರ್ 23ರಂದು ಜೋಧಪುರದವರ ಜೊತೆ ಕುದುರೆ ಮೇಲೆ ಈಟಿ ಹಿಡಿದು ಮೆಷಿನ್ ಗನ್ನುಗಳ ಎದುರು ನುಗ್ಗಿ ಈಗಿನ ಇಸ್ರೇಲಿನ ಹೈಫಾ ಊರನ್ನು ಗೆದ್ದರು. ದೆಹಲಿಯ ತೀನ್ ಮೂರ್ತಿಯ ಮೂರು ಪ್ರತಿಮೆಗಳಲ್ಲಿ ಒಂದು ಮೈಸೂರಿನದು. ಉಳಿದೆರಡು ಹೈದರಾಬಾದ್, ಜೋಧಪುರದವು. "ಅದು ಬ್ರಿಟಿಷರ ಯುದ್ಧ, ನಮಗೇನು?" ಅಂತ ಒಬ್ಬರು ಹಿಂದೊಮ್ಮೆ ನನ್ನ ಜೊತೆ ಜಗಳಕ್ಕೇ ನಿಂತಿದ್ದರು. ಯುದ್ಧ ಅವರದೇ ಸರಿ. ಯಾವ ಯುದ್ಧ ಸರಿ, ಯಾವುದು ತಪ್ಪು ಅನ್ನೋ ಚರ್ಚೆ ಆಗಲೇಬೇಕು, ಯೋಧರ ಹೆಸರು ಹೇಳಿ ಅದರ ಬಾಯಿ ಮುಚ್ಚಿಸುವುದು ನನಗೆ ಸೇರೋದಿಲ್ಲ. ಆದರೆ ಸತ್ತವನು ನಮ್ಮೂರಿನವನಲ್ವಾ? ಅವನ ಮನೆಯಲ್ಲೂ ಒಬ್ಬಳು ಅವನ ಹೆಸರು ಹೇಳದೆ ಬದುಕಿರುತ್ತಾಳೆ.

'ಹುತಾತ್ಮ' ಅನ್ನೋ ಪದದ ಬಗ್ಗೆ ಒಂದು ಮಾತು. ಸೈನ್ಯದಲ್ಲಿ ಅಧಿಕೃತವಾಗಿ ಆ ಅರ್ಥದ ಪದ ಬಳಸುವುದಿಲ್ಲ. ಕಾಗದಪತ್ರದಲ್ಲಿ ಕರ್ತವ್ಯದಲ್ಲಿ ಸತ್ತರು ಅನ್ನೋ ಥರದ ನೇರ ಮಾತು ಇರುತ್ತೆ. ನನಗೆ ಅದೇ ವಾಸಿ ಅನ್ನಿಸಿದೆ. ಹುತಾತ್ಮ ಅಂದ ಕೂಡಲೇ ಎಲ್ಲ ಮುಖವೂ ಒಂದೇ ಆಗಿಬಿಡುತ್ತೆ, ಫ್ಲೆಕ್ಸಿನ ಬೆನ್ನಿನ ಹಾಗೆ. ಇಪ್ಪತ್ತೈದು ದಾಟದ ಹುಡುಗ, ಮಂಡಿಯೂರಿ ಮಣ್ಣು ಕೆದಕುತ್ತಾ ಮೈನು ಹುಡುಕುತ್ತಿದ್ದ ಅಂದರೆ ಆ ಮನುಷ್ಯ ಕಾಣುತ್ತಾನೆ. ಪದ ಬಳಸುವವರ ಮೇಲೆ ನನಗೇನೂ ಸಿಟ್ಟಿಲ್ಲ. ಅಭ್ಯಾಸ, ನನ್ನ ಬಾಯಲ್ಲೂ ಬರುತ್ತೆ.

ದೆಹಲಿಯಲ್ಲಿ 2019ರಲ್ಲಿ ರಾಷ್ಟ್ರೀಯ ಯುದ್ಧ ಸ್ಮಾರಕ ಆಯಿತು. ಸ್ವಾತಂತ್ರ್ಯದ ನಂತರ ಮಡಿದ 25,942 ಜನರ ಹೆಸರು ಗ್ರಾನೈಟಿನಲ್ಲಿ ಕೆತ್ತಿ ಶುರು ಮಾಡಿದರು. ಒಳ್ಳೆ ಕೆಲಸ, ಎಷ್ಟೋ ತಡವಾಗಿ ಆದರೂ. ನಮ್ಮ ತಾತನ ಹೆಸರೂ ಅಲ್ಲಿರಬೇಕು. ಅಜ್ಜಿಗೆ ಮೊಮ್ಮಗ ಹೇಳಿದ್ದಾನೆ. "ಡೆಲ್ಲಿಗೆ ಯಾರೋಯ್ತರೆ? ಕೆರೆ ತಾವ ಆಕಿದ್ರೆ ದಿನಾ ನೋಡ್ಬೋದಿತ್ತು" ಅಂದರಂತೆ.

ಆ ಮಾತು ಹಿಡಿದುಕೊಂಡು ಈಗ ಊರಿನಲ್ಲಿ ಒಂದು ಕೆಲಸ ಶುರುವಾಗಿದೆ. ಶಾಲೆ ಗೇಟಿನ ಪಕ್ಕ ಒಂದು ಕಲ್ಲು ನಿಲ್ಲಿಸೋದು. ಕೆರೆ ಏರಿಯ ಮೇಲೆ ಬೇಡ, ಅಲ್ಲಿ ಮತ್ತೆ ಕುಡುಗೋಲು ಮಸೆಯುತ್ತಾರೆ ಅಂತ ನಾನೇ ಹೇಳಿದೆ. ಹೆಸರು, ಅಪ್ಪನ ಹೆಸರು, ಊರು, ಪಡೆ, ಎಲ್ಲಿ, ಯಾವಾಗ, ಏನು ಮಾಡುವಾಗ. ಕನ್ನಡದಲ್ಲಿ. ಅಷ್ಟು ಸಾಕು. ಕಲ್ಲು ಕೆಲಸದವರು ಎಂಟು ಸಾವಿರ ಕೇಳಿದ್ದಾರೆ, ಅಕ್ಷರದ ಖರ್ಚು ಬೇರೆ. ದುಡ್ಡು ಒಂದೇ ದಿನಕ್ಕೆ ಸೇರಿತು. ಆದರೆ ಜಾಸ್ತಿ ಕೊಟ್ಟವರೊಬ್ಬರು "ಕೆಳಗೆ ಸಣ್ಣದಾಗಿ ದಾನಿಗಳು ಅಂತ ಹಾಕ್ಸಿ" ಅಂದಿದ್ದಾರೆ. ಅದು ಅಲ್ಲಿಗೇ ನಿಂತಿದೆ.

ಇದನ್ನು ಬರೆಯುವ ಮುಂಚೆ ತಾತನ ಹೆಸರು ಇಲ್ಲಿ ಹಾಕಲಾ ಅಂತ ಫೋನ್ ಮಾಡಿ ಅಜ್ಜಿಯನ್ನು ಕೇಳಿದೆ. "ಫೋನಲ್ಲಿ ಬ್ಯಾಡ ಕಣಪ್ಪ. ಕಲ್ಲಲ್ಲಿ ಬರ್ಸಿ" ಅಂದರು. ಅದಕ್ಕೇ ಹಾಕಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಅವರೇ ಕೇಳಿದರು, "ಕಲ್ಲು ನಿಲ್ಸ್‌ಬುಟ್ಟು ಓಯ್ತೀರ. ತೊಳೆಯೋರ್ ಯಾರು?"

ಗೊರವನ ಕಥೆಯನ್ನು ಹುಡುಗರ ವಾಟ್ಸಾಪ್ ಗುಂಪಿಗೆ ಹಾಕಿದೆ. ವಾರಕ್ಕೆ ಒಬ್ಬೊಬ್ಬರು ಬಕೆಟ್ ನೀರು ಹಾಕಿ ತೊಳೆಯೋದು ಅಂತ ಪಟ್ಟಿ ಮಾಡುತ್ತಿದ್ದಾರೆ. ಆಗಸ್ಟಿಗೆ ಹೆಸರು ಕೊಡುವವರು ತುಂಬ ಜನ ಇದ್ದಾರೆ. ಉಳಿದ ತಿಂಗಳುಗಳು ಇನ್ನೂ ಖಾಲಿ ಇವೆ. ಅಕ್ಟೋಬರಿಗೆ ನನ್ನ ಹೆಸರು ಬರೆದು ಕಳಿಸಿದ್ದೇನೆ.