ಪೈಥಾನ್ ಸ್ಪೆಕ್ ಫೈಲ್‌ಗಳನ್ನು ಸ್ಕ್ರಿಪ್ಟ್ ಓಡಿಸಿ ಹೊಸದು ಮಾಡಬೇಡಿ, ಓದಿ ಮಾಡಿ

ಫೆಡೋರಾ ಅನ್ನುವ ಲಿನಕ್ಸ್ ವಿತರಣೆಯಲ್ಲಿ, ಅಂದರೆ ಡಿಸ್ಟ್ರೋದಲ್ಲಿ, ಪೈಥಾನ್ ಪ್ಯಾಕೇಜ್‌ಗಳನ್ನು ನೋಡಿಕೊಳ್ಳುವವರ ಮುಂದೆ ದೊಡ್ಡ ಕೆಲಸವೊಂದಿದೆ. ಹಳೇ ಕಾಲದ ಮ್ಯಾಕ್ರೋಗಳಲ್ಲಿ (ಆಜ್ಞೆಗಳ ಗುಂಪಿಗೆ ಇಟ್ಟ ಚಿಕ್ಕ ಹೆಸರುಗಳಲ್ಲಿ) ಬರೆದ ಸ್ಪೆಕ್ ಫೈಲ್‌ಗಳನ್ನು ಹೊಸ ಪದ್ಧತಿಗೆ ತರಬೇಕು. ಒಂದು ಸ್ಕ್ರಿಪ್ಟ್ ಬರೆದು, ಹಳೇ ಹೆಸರು ಇದ್ದಲ್ಲೆಲ್ಲ ಹೊಸ ಹೆಸರು ಹಾಕಿ, ಬಿಲ್ಡ್ ಆದರೆ ಸಾಕು ಅಂತ ಮುಂದೆ ಹೋಗುವ ಆಸೆ ಯಾರಿಗಾದರೂ ಬರುತ್ತದೆ. ಹಾಗೆ ಮಾಡಿದರೆ ಈ ಬದಲಾವಣೆಯಿಂದ ಸಿಗಬೇಕಾದ ಲಾಭದಲ್ಲಿ ಮುಕ್ಕಾಲು ಪಾಲು ಕೈ ತಪ್ಪುತ್ತದೆ ಅನ್ನುವುದು ನನ್ನ ಅಭಿಪ್ರಾಯ.

ಈ ಕೆಲಸದ ಪರಿಚಯ ಇಲ್ಲದವರಿಗೆ ಎರಡು ಮಾತು. ಆರ್‌ಪಿಎಂ ಅನ್ನುವ ಪ್ಯಾಕೇಜ್ ವ್ಯವಸ್ಥೆ ಬಳಸುವ ಡಿಸ್ಟ್ರೋಗಳಲ್ಲಿ ಪ್ರತಿ ಪ್ಯಾಕೇಜಿಗೂ ಒಂದು ಸ್ಪೆಕ್ ಫೈಲ್ ಇರುತ್ತದೆ. ಸೋರ್ಸ್ ಎಲ್ಲಿಂದ ತರಬೇಕು, ಬಿಲ್ಡ್ ಮಾಡಲು ಏನೇನು ಬೇಕು, ಹೇಗೆ ಕಟ್ಟಬೇಕು, ಕೊನೆಗೆ ಯಾವ ಫೈಲ್ ಪ್ಯಾಕೇಜಿನೊಳಗೆ ಹೋಗಬೇಕು, ಎಲ್ಲ ಅದರಲ್ಲಿರುತ್ತದೆ. ಪೈಥಾನ್ ಪ್ಯಾಕೇಜ್ ಆದರೆ ಬಹಳ ವರ್ಷ ಒಂದೇ ದಾರಿ ಇತ್ತು. ಸೆಟಪ್ ಡಾಟ್ ಪೈ ಅನ್ನುವ ಫೈಲನ್ನು ಓಡಿಸುವುದು, ಬಿಲ್ಡ್ ಅನ್ನುವುದು, ಇನ್‌ಸ್ಟಾಲ್ ಅನ್ನುವುದು. ಅಷ್ಟೇ.

ಆ ದಾರಿ ಈಗ ಮುಚ್ಚುತ್ತಾ ಬಂದಿದೆ. ಪೈಥಾನ್ ಪ್ಯಾಕೇಜ್ ಕಟ್ಟುವ ಸಾಧನವಾದ ಸೆಟಪ್‌ಟೂಲ್ಸ್ ನೇರ ಇನ್‌ಸ್ಟಾಲ್ ಆಜ್ಞೆಯನ್ನು ಬಳಸಬೇಡಿ ಅಂತ 2021ರಲ್ಲೇ ಎಚ್ಚರಿಸಿತು. 2023ರ ಏಪ್ರಿಲ್‌ನಲ್ಲಿ ಬಂದ ಪಿಪ್ (ಪೈಥಾನ್ ಪ್ಯಾಕೇಜ್ ಇನ್‌ಸ್ಟಾಲ್ ಮಾಡುವ ಸಾಧನ) 23.1 ಆ ಹಳೇ ದಾರಿಯನ್ನು ಕೈಬಿಟ್ಟಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಪೈಥಾನ್ 3.12 ಬಂದಾಗ ಆ ದಾರಿಗೆ ಅಡಿಪಾಯವಾಗಿದ್ದ ಡಿಸ್ಟ್‌ಯುಟಿಲ್ಸ್ ಮಾಡ್ಯೂಲೇ ಸ್ಟ್ಯಾಂಡರ್ಡ್ ಲೈಬ್ರರಿಯಿಂದ ಹೊರಬಿತ್ತು. ಇನ್ನೊಂದು ಕಡೆ ಫ್ಲಿಟ್, ಹ್ಯಾಚ್ಲಿಂಗ್, ಪೊಯೆಟ್ರಿ ಮುಂತಾದ ಹೊಸ ಬಿಲ್ಡ್ ಸಾಧನ ಬಳಸುವ ಎಷ್ಟೋ ಯೋಜನೆಗಳಲ್ಲಿ ಸೆಟಪ್ ಡಾಟ್ ಪೈ ಅನ್ನುವ ಫೈಲೇ ಇಲ್ಲ. ಇರುವುದು ಬಿಲ್ಡ್ ವಿವರ ಬರೆದಿಡುವ ಪೈಪ್ರಾಜೆಕ್ಟ್ ಡಾಟ್ ಟಾಮಲ್ ಫೈಲ್ ಮಾತ್ರ. ಹಳೇ ಮ್ಯಾಕ್ರೋಗೆ ಓಡಿಸಲು ಅಲ್ಲಿ ಏನೂ ಸಿಗುವುದಿಲ್ಲ. ಆದ್ದರಿಂದ ಬದಲಾಗಬೇಕೋ ಬೇಡವೋ ಅನ್ನುವ ಚರ್ಚೆ ಮುಗಿದಿದೆ. ಹೇಗೆ ಅನ್ನುವುದಷ್ಟೇ ಉಳಿದಿದೆ.

ಹೊಸ ಪದ್ಧತಿಯ ನಿಜವಾದ ಬೆಲೆ ಮ್ಯಾಕ್ರೋಗಳ ಹೆಸರಲ್ಲಿಲ್ಲ. ಅವಲಂಬನೆಗಳ ಪಟ್ಟಿಯನ್ನು ಯಾರು ಹೇಳಬೇಕು ಅನ್ನುವುದರಲ್ಲಿದೆ. ಹಿಂದೆ ಒಂದೇ ಸತ್ಯವನ್ನು ಎರಡು ಕಡೆ ಬರೆಯುತ್ತಿದ್ದೆವು. ಮೂಲ ಯೋಜನೆಯವರು, ಅಂದರೆ ಅಪ್‌ಸ್ಟ್ರೀಮ್‌ನವರು, ತಮ್ಮ ಫೈಲಿನಲ್ಲಿ ಒಮ್ಮೆ ಬರೆಯುತ್ತಿದ್ದರು. ಅದನ್ನೇ ನೋಡಿಕೊಂಡು ನಾವು ಸ್ಪೆಕ್‌ನಲ್ಲಿ ಕೈಯಾರೆ ಇನ್ನೊಮ್ಮೆ ಬರೆಯುತ್ತಿದ್ದೆವು. ಅವರು ಮುಂದಿನ ಆವೃತ್ತಿಯಲ್ಲಿ ಒಂದು ಲೈಬ್ರರಿ ಬಿಟ್ಟರೂ ನಮ್ಮ ಪಟ್ಟಿಯಲ್ಲಿ ಅದು ಹಾಗೇ ಉಳಿಯುತ್ತಿತ್ತು. ಬಿಲ್ಡ್ ಮುರಿಯದಿದ್ದರೆ ಯಾರೂ ತಿರುಗಿ ನೋಡುತ್ತಿರಲಿಲ್ಲ.

2019ರಲ್ಲಿ ಬಂದ ಆರ್‌ಪಿಎಂ 4.15 ಇದನ್ನು ಬದಲಾಯಿಸಿತು. ಬಿಲ್ಡ್‌ಗೆ ಏನು ಬೇಕು ಅಂತ ಬಿಲ್ಡ್ ನಡೆಯುವಾಗಲೇ ಲೆಕ್ಕ ಹಾಕುವ ಸೌಲಭ್ಯ ಅದರಲ್ಲಿದೆ. ಇದು ಕೆಲಸ ಮಾಡುವ ರೀತಿ ನನಗೆ ಬಹಳ ಇಷ್ಟ. ಮೊದಲ ಸುತ್ತಿನಲ್ಲಿ ಮ್ಯಾಕ್ರೋ ಟಾಮಲ್ ಫೈಲನ್ನು ಓದಿ, ಈ ಯೋಜನೆ ಯಾವ ಬಿಲ್ಡ್ ಬ್ಯಾಕೆಂಡ್ (ಪೈಥಾನ್ ಕಡೆ ಪ್ಯಾಕೇಜ್ ಕಟ್ಟುವ ಸಾಧನ) ಬಳಸುತ್ತದೆ ಅಂತ ಹೇಳುತ್ತದೆ. ಬಿಲ್ಡ್ ಸಾಧನ ಅದನ್ನು ಹಾಕಿಕೊಂಡು ಮತ್ತೆ ಕೇಳುತ್ತದೆ. ಈ ಸಲ ಬ್ಯಾಕೆಂಡನ್ನೇ ಕೇಳಬಹುದು, ನಿನಗೆ ಇನ್ನೇನು ಬೇಕು ಅಂತ. ಆಮೇಲೆ ಪ್ಯಾಕೇಜ್ ಓಡಲು ಬೇಕಾದ ಲೈಬ್ರರಿಗಳ ಪಟ್ಟಿ ಬರುತ್ತದೆ. ಕೇಳಿದರೆ ಪರೀಕ್ಷೆಗೆ ಬೇಕಾದವೂ ಬರುತ್ತವೆ. ಹೊಸ ಹೆಸರು ಬರುವುದು ನಿಲ್ಲುವ ತನಕ ಸುತ್ತು ಮುಂದುವರಿಯುತ್ತದೆ. ಪೈಥಾನ್ ಸಮುದಾಯದ ಪ್ರಸ್ತಾವಗಳಾದ ಪಿಇಪಿ 517 ಮತ್ತು 518 ಹಾಕಿಕೊಟ್ಟ ಒಪ್ಪಂದ ಇಲ್ಲದಿದ್ದರೆ ಇದು ಸಾಧ್ಯವೇ ಇರಲಿಲ್ಲ. ಫೆಡೋರಾದ ಹೊಸ ಪೈಥಾನ್ ನಿಯಮಾವಳಿ ನಿಂತಿರುವುದೂ ಇದರ ಮೇಲೆಯೇ.

ಈಗ ಆ ಸ್ಕ್ರಿಪ್ಟ್ ವಿಷಯಕ್ಕೆ ಬರೋಣ. ಅದು ಮ್ಯಾಕ್ರೋ ಹೆಸರುಗಳನ್ನು ಬದಲಾಯಿಸುತ್ತದೆ. ಆದರೆ ಕೈಯಾರೆ ಬರೆದ ಹಳೇ ಪಟ್ಟಿಯನ್ನು ಅಳಿಸಲು ಅದಕ್ಕೆ ಧೈರ್ಯ ಇರುವುದಿಲ್ಲ. ಯಾವ ಸಾಲು ಯಾಕಿದೆ ಅಂತ ಅದಕ್ಕೆ ಗೊತ್ತಿಲ್ಲ ಅಲ್ವಾ? ಹಾಗಾಗಿ ಹೊಸ ಮ್ಯಾಕ್ರೋದ ಪಕ್ಕದಲ್ಲೇ ಪರೀಕ್ಷೆಗೆ ಬಳಸುತ್ತಿದ್ದ ನೋಸ್, ಮಾಕ್, ಜೊತೆಗೆ ಸಿಕ್ಸ್ ಅನ್ನುವ ಹಳೇ ಲೈಬ್ರರಿಗಳು ಕೂತಿರುತ್ತವೆ. ನೋಸ್‌ನ ಕೊನೆಯ ಬಿಡುಗಡೆ 2015ರದ್ದು. ಮಾಕ್‌ನ ಕೆಲಸ ಮಾಡುವ ಮಾಡ್ಯೂಲ್ ಪೈಥಾನ್ 3.3ರಿಂದ ಭಾಷೆಯ ಜೊತೆಗೇ ಬರುತ್ತಿದೆ. ಸಿಕ್ಸ್ ಇರುವುದು ಪೈಥಾನ್ 2 ಮತ್ತು 3 ಎರಡರಲ್ಲೂ ಒಂದೇ ಕೋಡ್ ಓಡಲಿ ಅಂತ. ಪೈಥಾನ್ 2ರ ಬೆಂಬಲ 2020ರ ಜನವರಿ 1ಕ್ಕೆ ಮುಗಿಯಿತು. ಇವುಗಳಲ್ಲಿ ಒಂದೊಂದನ್ನೂ ಡಿಸ್ಟ್ರೋದಲ್ಲಿ ಯಾರೋ ಜೀವಂತ ಇಟ್ಟಿರಬೇಕು. ಪೈಥಾನ್‌ನ ಹೊಸ ಆವೃತ್ತಿ ವರ್ಷಕ್ಕೊಂದು ಬರುತ್ತದೆ, ಪ್ರತಿ ಸಲವೂ ಅವನ್ನು ಮತ್ತೆ ಕಟ್ಟಿ, ಒಡೆದದ್ದನ್ನು ಸರಿಮಾಡಬೇಕು. ಯಾರಿಗೂ ಬೇಡವಾದ ಒಂದು ಸಾಲು ಇನ್ನೊಬ್ಬ ಸ್ವಯಂಸೇವಕರ ಸಂಜೆಯನ್ನು ತಿನ್ನುತ್ತದೆ. ಅದಕ್ಕೇ ನಾನು ಅಳಿಸುವುದನ್ನೇ ಮುಖ್ಯ ಕೆಲಸ ಅನ್ನುವುದು.

ಫೈಲ್ ಪಟ್ಟಿಯದೂ ಇದೇ ಕತೆ. ಪೈಥಾನ್ ಲೈಬ್ರರಿಗಳು ಕೂರುವ ಸೈಟ್‌ಪ್ಯಾಕೇಜಸ್ ಡೈರೆಕ್ಟರಿಯ ಹೆಸರು ಬರೆದು ಮುಂದೆ ಒಂದು ನಕ್ಷತ್ರ ಹಾಕಿದರೆ, ಒಳಗೆ ಬಂದದ್ದೆಲ್ಲ ಪ್ಯಾಕೇಜಿಗೆ ಸೇರುತ್ತದೆ. ಅಪ್‌ಸ್ಟ್ರೀಮ್‌ನವರು ತಪ್ಪಿ ಟೆಸ್ಟ್ಸ್ ಅನ್ನುವ ಡೈರೆಕ್ಟರಿಯನ್ನು ಮೇಲಿನ ಹಂತದಲ್ಲೇ ಬಿಟ್ಟರೆ ಅದೂ ಸೇರುತ್ತದೆ. ಇನ್ನೊಂದು ಪ್ಯಾಕೇಜೂ ಅದೇ ತಪ್ಪು ಮಾಡಿದ್ದರೆ ಎರಡೂ ಒಂದೇ ಯಂತ್ರದಲ್ಲಿ ಹೊಡೆದಾಡಿಕೊಳ್ಳಬಹುದು. ಹೊಸ ಮ್ಯಾಕ್ರೋ ನಮ್ಮಿಂದ ಮಾಡ್ಯೂಲಿನ ಹೆಸರು ಕೇಳುತ್ತದೆ. ಹೆಸರಿಸದ ಮಾಡ್ಯೂಲ್ ಬಂದರೆ ಬಿಲ್ಡ್ ನಿಲ್ಲುತ್ತದೆ. ನಿಲ್ಲಲಿ, ಒಳ್ಳೆಯದೇ. ಅದಕ್ಕೂ ನಕ್ಷತ್ರವನ್ನೇ ಕೊಟ್ಟು ಬಾಯಿ ಮುಚ್ಚಿಸುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ.

ಕಷ್ಟ ಇರುವುದು ಪರೀಕ್ಷೆಯ ಅವಲಂಬನೆಗಳಲ್ಲಿ. ಅಪ್‌ಸ್ಟ್ರೀಮ್‌ನವರು ಟೆಸ್ಟ್ ಪಟ್ಟಿಯಲ್ಲಿ ಪರೀಕ್ಷೆ ಓಡಿಸುವ ಪೈಟೆಸ್ಟ್ ಜೊತೆಗೆ ಕವರೇಜ್, ಫ್ಲೇಕ್8 ಎಲ್ಲ ಹಾಕಿರುತ್ತಾರೆ. ಕೆಲವರು ಆವೃತ್ತಿಯನ್ನೂ ಒಂದಕ್ಕೇ ಕಟ್ಟಿಹಾಕಿರುತ್ತಾರೆ. ಕೋಡ್ ಅಂದವಾಗಿದೆಯೇ, ಪರೀಕ್ಷೆ ಎಷ್ಟು ಕೋಡನ್ನು ಮುಟ್ಟಿತು ಅಂತ ನೋಡುವ ಸಾಧನಗಳು ಡಿಸ್ಟ್ರೋ ಬಿಲ್ಡ್‌ಗೆ ಬೇಡ. ಅಲ್ಲಿ ತಿಳಿಯಬೇಕಾದದ್ದು ಕೋಡ್ ನಮ್ಮ ಲೈಬ್ರರಿಗಳ ಜೊತೆ ಓಡುತ್ತದೆಯೇ ಅಂತ ಮಾತ್ರ. ಆಗ ಎಲ್ಲರ ಕೈ ಹೋಗುವುದು ಫೈಲಿನ ಸಾಲುಗಳನ್ನು ಹುಡುಕಿ ಬದಲಾಯಿಸುವ ಸೆಡ್ ಆಜ್ಞೆಗೆ. ಒಂದು ಸಾಲಲ್ಲಿ ಕೆಲಸ ಮುಗಿಯುತ್ತದೆ, ನಿಜ. ಆದರೆ ಅಪ್‌ಸ್ಟ್ರೀಮ್‌ನವರು ಆ ಸಾಲನ್ನು ಬೇರೆ ರೀತಿ ಬರೆದ ದಿನ ಸೆಡ್ ಸುಮ್ನೆ ಇದ್ದುಬಿಡುತ್ತದೆ. ದೂರು ಹೇಳುವುದಿಲ್ಲ, ಕೆಲಸವನ್ನೂ ಮಾಡುವುದಿಲ್ಲ. ಪ್ಯಾಚ್ (ಬದಲಾವಣೆಯನ್ನು ಬರೆದಿಟ್ಟ ಫೈಲ್) ಆದರೆ ಅಂಟದಿದ್ದಾಗ ಬಿಲ್ಡ್ ನಿಂತು ಹೇಳುತ್ತದೆ. ಜೊತೆಗೆ ಪ್ಯಾಚನ್ನು ಮೂಲ ಯೋಜನೆಗೆ ಕಳಿಸಬಹುದು. ಅವರು ಒಪ್ಪಿದರೆ ಎಲ್ಲ ಡಿಸ್ಟ್ರೋಗಳಿಗೂ ಉಪಕಾರ.

ಸೋರ್ಸ್ ಬಗ್ಗೆಯೂ ಒಂದು ಮಾತು. ಗಿಟ್ ಟ್ಯಾಗ್‌ನಿಂದ ಆವೃತ್ತಿ ಕಂಡುಹಿಡಿಯುವ ಯೋಜನೆಗಳು ಜಾಸ್ತಿಯಾಗಿವೆ. ಟಾರ್‌ಬಾಲ್‌ನಲ್ಲಿ (ಸೋರ್ಸ್ ಕಟ್ಟಿಟ್ಟ ಫೈಲಿನಲ್ಲಿ) ಗಿಟ್ ಇತಿಹಾಸ ಇರುವುದಿಲ್ಲ. ಕೆಲವು ಬ್ಯಾಕೆಂಡ್‌ಗಳು ಅಲ್ಲೇ ಎಡವುತ್ತವೆ, ಅದು ಒಳ್ಳೆಯದು. ಇನ್ನು ಕೆಲವು ಸದ್ದಿಲ್ಲದೆ 0.0.0 ಅಂತ ಬರೆದು ಮುಗಿಸುತ್ತವೆ. ಸ್ಪೆಕ್‌ನಲ್ಲಿ ಆವೃತ್ತಿ ಸರಿಯಾಗೇ ಇರುತ್ತದೆ. ಆದರೆ ಆರ್‌ಪಿಎಂ ಪೈಥಾನ್ ಕಡೆಯ ಆವೃತ್ತಿಯನ್ನು ಬ್ಯಾಕೆಂಡ್ ಬರೆದ ಮೆಟಾಡೇಟಾದಿಂದ ತೆಗೆದುಕೊಳ್ಳುತ್ತದೆ. ಇಂಥ ಆವೃತ್ತಿಗಿಂತ ಹೊಸದು ಬೇಕು ಅನ್ನುವ ಬೇರೆ ಪ್ಯಾಕೇಜ್‌ಗಳೆಲ್ಲ ಆಗ ಇನ್‌ಸ್ಟಾಲ್ ಆಗದೆ ನಿಲ್ಲುತ್ತವೆ. ಸ್ಕ್ರಿಪ್ಟ್ ಬಿಲ್ಡ್ ಹಸಿರಾಗಿದೆ ಅಂತ ನೋಡಿ ಮುಂದೆ ಹೋಗಿರುತ್ತದೆ.

ಪ್ಯಾಕೇಜ್‌ಗಳು ಸಾವಿರಾರು, ಜನ ಕಡಿಮೆ, ಎಲ್ಲವನ್ನೂ ಓದುತ್ತಾ ಕೂರಲು ಆಗುತ್ತದೆಯೇ ಅಂತ ಕೇಳಬಹುದು. ಪ್ರಶ್ನೆ ಸರಿಯಾದದ್ದೇ. ಸ್ಕ್ರಿಪ್ಟ್ ಮೊದಲ ಕರಡು ಬರೆದುಕೊಡಲಿ, ನನ್ನ ತಕರಾರಿಲ್ಲ. ಆದರೆ ಓದಲು ಯಾರೂ ಇಲ್ಲದ ಪ್ಯಾಕೇಜ್, ಮೂಲ ಯೋಜನೆಯೂ ವರ್ಷಗಟ್ಟಲೆ ಅಲುಗದ ಪ್ಯಾಕೇಜ್, ಬೇರೆ ಯಾವುದೂ ಅವಲಂಬಿಸದ ಪ್ಯಾಕೇಜ್ ಆಗಿದ್ದರೆ ಅದಕ್ಕೆ ಹೊಸ ಮ್ಯಾಕ್ರೋ ತೊಡಿಸುವುದು ಬೇಡ. ಅದನ್ನು ನಿವೃತ್ತಿ ಮಾಡಿ. ಉಳಿದವುಗಳಿಗೆ ಸಮಯ ಸಿಗುತ್ತದೆ.

ಪರೀಕ್ಷೆಗಳನ್ನು ಕಾಮೆಂಟ್ ಮಾಡಿ ಮುಚ್ಚಿಟ್ಟ ಸ್ಪೆಕ್‌ಗಳಲ್ಲಿ ಅವನ್ನು ಮತ್ತೆ ತೆರೆಯಲು ಇದೇ ಸಮಯ. ಆಗದಿದ್ದರೆ ಕನಿಷ್ಠ ಮಾಡ್ಯೂಲ್ ಇಂಪೋರ್ಟ್ ಆಗುತ್ತದೆಯೇ ಅಂತ ನೋಡುವ ಮ್ಯಾಕ್ರೋ ಆದರೂ ಇರಲಿ. ಇನ್ನೊಂದು, ಬದಲಾವಣೆ ಸೇರಿಸುವ ಮೊದಲು ಹಳೇ ಆರ್‌ಪಿಎಂ ಮತ್ತು ಹೊಸದನ್ನು ಪಕ್ಕಪಕ್ಕ ಇಟ್ಟು ಅವಲಂಬನೆಗಳು, ಫೈಲ್‌ಗಳು, ಪ್ಯಾಕೇಜ್ ತಾನು ಒದಗಿಸುತ್ತೇನೆ ಅನ್ನುವ ಹೆಸರುಗಳು, ಮೂರನ್ನೂ ಹೋಲಿಸಿ. ಎಗ್‌ಇನ್ಫೋ ಹೋಗಿ ಡಿಸ್ಟ್‌ಇನ್ಫೋ ಬರುವುದು (ಎರಡೂ ಪ್ಯಾಕೇಜಿನ ಮೆಟಾಡೇಟಾ ಇಡುವ ಜಾಗಗಳು) ಸಹಜ. ಅದು ಬಿಟ್ಟು ಬೇರೆ ಏನಾದರೂ ಕೂಡಿದ್ದರೆ, ಕಳೆದಿದ್ದರೆ, ಯಾಕೆ ಅಂತ ಕಮಿಟ್ ಸಂದೇಶದಲ್ಲಿ ಒಂದು ಸಾಲು ಬರೆಯಿರಿ. ನಾನು ರಿವ್ಯೂ ಮಾಡುವಾಗ ಮೊದಲು ಹುಡುಕುವುದು ಆ ಸಾಲನ್ನೇ.