ಸೈಟೇಷನ್ ಲೆಕ್ಕಕ್ಕೆ ಸಿಗದ ಕೆಲಸ

ಆರ್ಗನೊಮೆಟಾಲಿಕ್ (ಇಂಗಾಲಕ್ಕೆ ಲೋಹ ನೇರವಾಗಿ ಬೆಸೆದ ಸಂಯುಕ್ತಗಳ) ರಸಾಯನಶಾಸ್ತ್ರಜ್ಞರ ಸಾಧನೆಯನ್ನು ಸೈಟೇಷನ್ (ಬೇರೆಯವರು ತಮ್ಮ ಲೇಖನದಲ್ಲಿ ಮಾಡುವ ಉಲ್ಲೇಖ), ಎಚ್-ಇಂಡೆಕ್ಸ್ (ಲೇಖನಗಳ ಸಂಖ್ಯೆ, ಅವಕ್ಕೆ ಸಿಕ್ಕ ಉಲ್ಲೇಖ ಎರಡನ್ನೂ ನೋಡಿ ಕೊಡುವ ಅಂಕ) ಇಟ್ಟುಕೊಂಡು ಅಳೆದಿರುವ ಒಂದು ಲೇಖನ ಓದಿದೆ, ಚೆನ್ನಾಗಿದೆ. ಆದರೆ ಒಂದು ಮಾತು ಬಿಟ್ಟುಹೋಗಿದೆ. ಕೆಲಸ ತುಂಬಾ ಹೆಸರಾದ ಮೇಲೆ ಮೂಲ ಲೇಖನವನ್ನು ಉಲ್ಲೇಖಿಸುವವರೇ ಕಡಿಮೆಯಾಗುತ್ತಾರೆ.

ರಸಾಯನಶಾಸ್ತ್ರಜ್ಞ ರಿಚರ್ಡ್ ಹೆಕ್ ಅವರನ್ನೇ ನೋಡಿ. 1968ರಲ್ಲಿ ಅವರು ಇದ್ದದ್ದು ಅಮೆರಿಕದ ಹರ್ಕ್ಯುಲಿಸ್ ಅನ್ನುವ ರಾಸಾಯನಿಕ ಕಂಪನಿಯಲ್ಲಿ. ಪಲ್ಲಾಡಿಯಂ ಅನ್ನುವ ಲೋಹದ ನೆರವಿನಿಂದ ಇಂಗಾಲಕ್ಕೆ ಇಂಗಾಲ ಬೆಸೆಯುವ ಕ್ರಿಯೆಯ ಬಗ್ಗೆ ಸಾಲು ಸಾಲು ಲೇಖನ ಬರೆದರು, ಅದೂ ಒಬ್ಬರೇ. ಇದಕ್ಕೇ ಈಗ 'ಹೆಕ್ ಕ್ರಿಯೆ' ಅನ್ನುತ್ತಾರೆ. ಈ ಕ್ರಿಯೆಗೆ ಆಗ ವಿಷಕಾರಿ ಪಾದರಸದ ಸಂಯುಕ್ತ ಬೇಕಾಗಿತ್ತು. 1972ರಲ್ಲಿ ಅದನ್ನು ಬಿಟ್ಟು ಅಯೋಡೊಬೆಂಜೀನ್‌ನಂಥ ಅಯೋಡಿನ್ ಇರುವ ಸಂಯುಕ್ತಗಳನ್ನು ಬಳಸಿದರು. (ಜಪಾನಿನ ಮಿಜೊರೊಕಿ ಹಿಂದಿನ ವರ್ಷವೇ ಇಂಥದ್ದನ್ನು ಪ್ರಕಟಿಸಿದ್ದರು. ಅವರ ಹೆಸರನ್ನೂ ಹೇಳಲೇಬೇಕು.) ಪಲ್ಲಾಡಿಯಂ ಮೊದಲು ಇಂಗಾಲ-ಅಯೋಡಿನ್ ಬಂಧದ ನಡುವೆ ನುಗ್ಗುತ್ತದೆ. ಆಮೇಲೆ ಆಲ್ಕೀನ್ (ಎರಡು ಇಂಗಾಲಗಳ ನಡುವೆ ಜೋಡಿ ಬಂಧ ಇರುವ ಅಣು) ಬಂದು ಸೇರುತ್ತದೆ. ಹೊಸ ಇಂಗಾಲ-ಇಂಗಾಲ ಬಂಧ ಆಯಿತು ಅಂದರೆ ಪಲ್ಲಾಡಿಯಂ ಬಿಡಿಸಿಕೊಂಡು ಮತ್ತೆ ಕೆಲಸಕ್ಕೆ ಸಿದ್ಧ. ಹಾಗಾಗಿ ಚೂರೇ ಚೂರು ಲೋಹ ಸಾಕು. ನ್ಯಾಪ್ರೋಕ್ಸೆನ್ ಅನ್ನುವ ನೋವಿನ ಔಷಧಿಯನ್ನು ಕಾರ್ಖಾನೆಯಲ್ಲಿ ಮಾಡಲಿಕ್ಕೂ ಈ ಕ್ರಿಯೆ ಬಳಕೆಯಾಗಿದೆ.

ಇವತ್ತು ಸಂಶೋಧನಾ ಲೇಖನಗಳಲ್ಲಿ ಎಷ್ಟೋ ಜನ ಸುಮ್ನೆ 'ಹೆಕ್ ಕ್ರಿಯೆ' ಅಂತ ಬರೆಯುತ್ತಾರೆ. ಕೆಳಗೆ ಯಾವುದೋ ಹೊಸ ವಿಮರ್ಶಾ ಲೇಖನದ (ಹಳೆಯ ಸಂಶೋಧನೆಗಳನ್ನು ಒಟ್ಟಿಗೆ ಪರಿಶೀಲಿಸಿ ಬರೆದದ್ದರ) ಉಲ್ಲೇಖ. ಸೈಟೇಷನ್ ಅದರ ಲೆಕ್ಕಕ್ಕೆ ಜಮೆ! ಇದು ನನಗೆ ನಿಜಕ್ಕೂ ಬೇಸರ ತರುವ ವಿಷಯ. ಹೆಕ್ 1989ರಲ್ಲೇ ನಿವೃತ್ತರಾದರು. ನೊಬೆಲ್ ಬಂದದ್ದು 2010ರಲ್ಲಿ, ನೆಗಿಶಿ ಮತ್ತು ಸುಜುಕಿ ಅವರ ಜೊತೆ.

ಮುಂದಿನ ಸಲ ಇಂಥ ಲೇಖನ ಬರೆಯುವಾಗ, ಆ ವಿಜ್ಞಾನಿಯ ಕ್ರಿಯೆ ಎಷ್ಟು ಪೇಟೆಂಟ್‌ಗಳಲ್ಲಿ, ಎಷ್ಟು ಔಷಧಿಗಳ ತಯಾರಿಯಲ್ಲಿ ಬಳಕೆಯಾಗಿದೆ ಅನ್ನುವುದನ್ನೂ ಸೇರಿಸಿದರೆ ಚೆನ್ನಾಗಿರುತ್ತದೆ ಅಲ್ವಾ?